ಎರಡು ಸೆಂಟಿಮೀಟರ್ ಕಡಿಮೆಯಿದ್ದ ಸ್ಕೇಲು

ವೇದಿಕೆಯ ಮೇಲಿರುವ ಆಡಳಿತ ಮಂಡಳಿಯ ಅಧ್ಯಕ್ಷರಾದ ಅಶ್ವತ್ಥಪ್ಪನವರೇ, ನರಸಾಪುರದ ಕಾರ್ಖಾನೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಹತ್ತು ನಿಮಿಷದಲ್ಲಿ ನನ್ನನ್ನು ಮೂರು ಸಲ ಜ್ಞಾನಸಾಗರ ಎಂದ ನಿರೂಪಕ ಮುರಳಿಮೋಹನ್ ಅವರೇ, ನನ್ನ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಮೊದಲ ಸಾಲಿನ ಬಲತುದಿಯಲ್ಲಿ ಸೆರಗು ಹೊದ್ದು ಕುಳಿತಿರುವ ದೇವರಾಯಸಮುದ್ರದ ಚಿಕ್ಕವೆಂಕಟಮ್ಮನವರೇ, ಸಭಿಕರೇ,

ಮೊದಲು ಈ ಹಾರ ತೆಗೆದಿಡುತ್ತೇನೆ. ಕುತ್ತಿಗೆ ಕಡಿಯುತ್ತಿದೆ. ಶಾಲನ್ನೂ ಇಲ್ಲೇ ಕುರ್ಚಿಯ ಮೇಲೆ ಇಡುತ್ತೇನೆ. ಇಲ್ಲ ಮುರಳಿಮೋಹನ್, ಮತ್ತೆ ಹೊದಿಸಬೇಡಿ, ಕೂತುಕೊಳ್ಳಿ.

ಇದು ನಮ್ಮ ಕಾಲೇಜಿನ ವಾರ್ಷಿಕೋತ್ಸವ, ಜೊತೆಗೆ ನನ್ನ ಬೀಳ್ಕೊಡುಗೆ. ಮೂವತ್ತನಾಲ್ಕು ವರ್ಷ ಇದೇ ಮುಳಬಾಗಿಲಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟಿದ್ದೇನೆ. ಬೀಳ್ಕೊಡುಗೆ ಅಂದರೆ ನಾಲ್ಕು ಒಳ್ಳೆಯ ಮಾತು, ಒಂದು ತಟ್ಟೆ ಹಣ್ಣು, ಒಂದು ಫೋಟೊ. ಅಷ್ಟಕ್ಕೇ ಸಿದ್ಧನಾಗಿದ್ದೆ. ಆದರೆ ಗೇಟಿನಲ್ಲಿ ಬರುವಾಗ ಆ ಫ್ಲೆಕ್ಸು ನೋಡಿದೆ. ಅದರಲ್ಲಿ ಒಂದು ಕಡೆ ನನ್ನ ಫೋಟೊ, ಇನ್ನೊಂದು ಕಡೆ ಮೇಘನಳ ಫೋಟೊ. ಕೆಳಗೆ ಬರೆದಿದೆ: 'ನಮ್ಮೂರ ವಿಜ್ಞಾನಿಗೆ ಗುರುತ್ವಾಕರ್ಷಣೆಯ ಗುಟ್ಟು ಕಲಿಸಿದ ಮಹಾಗುರು.' ಯಾರು ಸ್ವಾಮಿ ಇದನ್ನು ಬರೆದವರು? ಯಾರನ್ನು ಕೇಳಿ ಬರೆದಿರಿ? ನನ್ನನ್ನು ಕೇಳಿದಿರಾ? ಮೇಘನಳನ್ನು ಕೇಳಿದಿರಾ? ಇಲ್ಲೇ ಕೂತಿರುವ ಅವಳ ತಾಯಿ ಚಿಕ್ಕವೆಂಕಟಮ್ಮನವರನ್ನು, ಕಾರು ಕಳಿಸಿ ಕರೆತಂದಿರಲ್ಲ, ಅವರನ್ನಾದರೂ ಕೇಳಿದಿರಾ?

ಆ ಫ್ಲೆಕ್ಸು ಸುಳ್ಳು. ಅದು ಯಾಕೆ ಸುಳ್ಳು ಎಂದು ಹೇಳುವುದಕ್ಕೇ ನಾನು ಈ ಮೈಕಿನ ಮುಂದೆ ನಿಂತಿದ್ದೇನೆ. ಅಧ್ಯಕ್ಷರು ಹದಿನೈದು ನಿಮಿಷ ಕೊಟ್ಟಿದ್ದಾರೆ. ಅವರ ಸ್ವಾಗತ ಭಾಷಣಕ್ಕೆ ನಲವತ್ತು ನಿಮಿಷ ಹಿಡಿಯಿತು, ನಾವು ಯಾರೂ ಗಡಿಯಾರ ನೋಡಲಿಲ್ಲ. ಇವತ್ತು ಅವರೂ ನೋಡದಿರಲಿ.

ಮುಖ್ಯ ಅತಿಥಿಗಳು ಈಗಷ್ಟೇ ಹೇಳಿದರು, ನಮ್ಮ ಮೇಘನ ಗುರುತ್ವಾಕರ್ಷಣೆಯೇ ಇಲ್ಲ ಎಂದು ಕಂಡುಹಿಡಿದಿದ್ದಾಳೆ ಅಂತ. ನೀವೆಲ್ಲ ಚಪ್ಪಾಳೆಯನ್ನೂ ತಟ್ಟಿದಿರಿ. ಸಾರ್, ಗುರುತ್ವ ಇದೆ. ಅನುಮಾನವಿದ್ದರೆ ಈ ವೇದಿಕೆಯಿಂದ ಹಾರಿ ನೋಡಬಹುದು. ಅವಳು ಹೇಳುತ್ತಿರುವುದು ಬೇರೆ. ಆರು ವರ್ಷ ಚೆನ್ನೈಯಲ್ಲಿ ಕೂತು ಒಂದು ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದಾಳೆ. ಅದರಲ್ಲಿ ಅರ್ಧ ನನಗೇ ಅರ್ಥವಾಗಿಲ್ಲ, ಹೇಳಿಬಿಡುತ್ತೇನೆ. ಅರ್ಥವಾದ ಅರ್ಧವನ್ನು ಹೇಳುತ್ತೇನೆ, ಕೇಳಿ.

ನೀರು ಒದ್ದೆ ಅಲ್ಲವೇ? ಆದರೆ ನೀರಿನ ಒಂದೇ ಒಂದು ಅಣುವನ್ನು ತಂದಿಟ್ಟರೆ ಅದು ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ. ಬಿಸಿ ಅನ್ನುತ್ತೇವೆ. ಒಂದು ಅಣುವಿಗೆ ಬಿಸಿ ಅನ್ನುವುದಿಲ್ಲ. ಕೋಟಿ ಕೋಟಿ ಸೇರಿದಾಗ, ಆ ಸೇರುವಿಕೆಯಿಂದ ಹೊಮ್ಮುವ ಗುಣಗಳು ಇವು. ದೇವರಾಯಸಮುದ್ರದ ಕೆರೆಯಲ್ಲಿ ಗಾಳಿ ಬಂದರೆ ಅಲೆ ಈ ದಡದಿಂದ ಆ ದಡಕ್ಕೆ ಹೋಗುತ್ತದೆ. ನೀರು ಹೋಗುತ್ತದೆಯೇ? ಇಲ್ಲ, ನೀರು ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ ಅಷ್ಟೇ. ಅಲೆ ಎಂಬ ಬೇರೆ ವಸ್ತು ಕೆರೆಯಲ್ಲಿಲ್ಲ. ನಾವು ಮೂಲಬಲ ಅಂದುಕೊಂಡಿರುವ ಗುರುತ್ವವೂ, ಬೆಳಕಿಗೆ, ಕರೆಂಟಿಗೆ, ಅಯಸ್ಕಾಂತಕ್ಕೆ ಕಾರಣವಾದ ವಿದ್ಯುತ್ಕಾಂತ ಬಲವೂ ಹಾಗೆಯೇ ಇರಬಹುದೇ? ಇನ್ನೂ ಸಣ್ಣದಾದ, ನಮಗೆ ಕಾಣದ ಏನೋ ಒಂದರ ಕೋಟ್ಯಂತರ ಚೂರುಗಳು ಸೇರಿದಾಗ ಹೊಮ್ಮುವ ಎರಡು ಬಗೆಯ ಅಲೆಗಳಿರಬಹುದೇ? ಇದು ಅವಳ ಪ್ರಶ್ನೆ. ಪ್ರಶ್ನೆ ಕಣ್ರೀ, ಉತ್ತರವಲ್ಲ. ಫೋನಿನಲ್ಲಿ ಅವಳೇ ಹೇಳಿದಳು: "ಸಾಬೀತಾಗಿಲ್ಲ ಸರ್. ತಪ್ಪಾದ್ರೂ ಆಗಬಹುದು. ತಪ್ಪಾದ್ರೆ ತಪ್ಪು ಅಂತಾನೇ ಬರೀತೀನಿ."

ಈ ಪ್ರಶ್ನೆಯನ್ನು ಅವಳು ಮೊದಲು ಕೇಳಿದ್ದು ಚೆನ್ನೈಯಲ್ಲಲ್ಲ. ಇದೇ ಕಾಲೇಜಿನ ನಾಲ್ಕನೇ ನಂಬರಿನ ಕೋಣೆಯಲ್ಲಿ, ಹನ್ನೆರಡು ವರ್ಷದ ಹಿಂದೆ, ನನ್ನನ್ನು. ಅವತ್ತು ಹಲಗೆಯ ಮೇಲೆ ಎರಡು ಸೂತ್ರ ಬರೆದಿದ್ದೆ. ಒಂದು ಗುರುತ್ವದ್ದು, ಇನ್ನೊಂದು ವಿದ್ಯುದಂಶಗಳದ್ದು. ಮೇಘನ ಎದ್ದು ನಿಂತಳು. "ಸರ್, ಎರಡೂ ಸೂತ್ರ ಯಾಕೆ ಒಂದೇ ಥರ ಐತೆ?" ನಾನು ಏನು ಹೇಳಿದೆ ಗೊತ್ತೇ? "ದೇವರು ಹಂಗ್ ಮಾಡವ್ನೆ, ಬರ್ಕೋಮ್ಮ" ಅಂದೆ. ಅವಳು ಕೂರಲಿಲ್ಲ. "ಸರ್, ನಮ್ಮನೇಲಿ ರೇಷ್ಮೆ ಹುಳ ಸಾಕ್ತೀವಿ. ಹುಳು ಮನೇಲಿ ಸೊಪ್ಪು ಹಾಕ್ದಾಗ ಮಳೆ ಬಂದಂಗೆ ಸದ್ದು ಬರುತ್ತೆ. ಒಂದ್ ಹುಳನ ಕಿವಿ ಹತ್ರ ಇಟ್ಕೊಂಡ್ರೆ ಏನೂ ಕೇಳಲ್ಲ. ಈ ಬಲಗಳೂ ಹಂಗೇ ಏನಾದ್ರೂ ಇರ್ಬಹುದಾ ಸರ್? ಎರಡೂ ಒಂದೇ ಮಳೆಯಿಂದ?"

ಹದಿನೇಳು ವರ್ಷದ ಹುಡುಗಿ. ಪುಸ್ತಕದಲ್ಲಿಲ್ಲದ್ದು, ಗೈಡಿನಲ್ಲಿಲ್ಲದ್ದು, ನಾನು ಅಲ್ಲಿಯವರೆಗಿನ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಯೋಚಿಸದ್ದು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನಾಲಿಗೆ ಬರಲಿಲ್ಲ. "ಹುಳಾನೇ ಕೇಳ್ಕೊಂಡ್ ಬಾ ಹೋಗಮ್ಮ, ಪರೀಕ್ಷೇಲಿ ಹುಳ ಬರಲ್ಲ" ಅಂದೆ. ಇಡೀ ಕ್ಲಾಸು ಗೊಳ್ಳೆಂದಿತು, ನಾನೂ ನಕ್ಕೆ. ಅಂದಿನಿಂದ ಅವಳಿಗೆ 'ಹುಳ' ಎಂದೇ ಹೆಸರು ಬಿತ್ತು. ಬಸ್ ಸ್ಟ್ಯಾಂಡಿನಲ್ಲೂ ಕೂಗುತ್ತಿದ್ದರಂತೆ, ಏನ್ಲಾ ಹುಳ ಬಂತು ನೋಡ್ಲಾ ಅಂತ. ಅದು ನನಗೆ ಕೇಳಿಸುತ್ತಿತ್ತು. ಯಾವತ್ತೂ ಯಾರನ್ನೂ ಗದರಲಿಲ್ಲ.

ಇನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಬರುತ್ತೇನೆ. ಇಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳಿಗೆ ಈಗಲೇ ನಗು ಬರುತ್ತಿದೆ, ನೋಡುತ್ತಿದ್ದೇನೆ. ಸರಳ ಲೋಲಕ ನೆನಪಿದೆಯಲ್ಲ? ದಾರಕ್ಕೆ ಒಂದು ಗುಂಡು ಕಟ್ಟಿ ತೂಗಿಬಿಡುವುದು, ದಾರದ ಉದ್ದ ಅಳೆಯುವುದು, ತೂಗಾಟದ ಸಮಯ ನೋಡುವುದು, ಅದರಿಂದ ಗುರುತ್ವದ ಬೆಲೆ ಲೆಕ್ಕ ಹಾಕುವುದು. ಉತ್ತರ ಎಷ್ಟು ಬರಬೇಕು? ನೋಡಿ, ಮುಖ್ಯ ಅತಿಥಿಗಳೂ ಹೇಳಿಬಿಟ್ಟರು! ಒಂಬೈನೂರ ಎಂಬತ್ತು. ಸಾರ್ ಎಲ್ಲಿ ಓದಿದ್ದೋ ಗೊತ್ತಿಲ್ಲ, ಅಲ್ಲೂ ಇದೇ ಪದ್ಧತಿ ಇದ್ದಂತಿದೆ. ಮೊದಲು ಕೆಳಗೆ ಒಂಬೈನೂರ ಎಂಬತ್ತು ಬರೆಯುವುದು, ಆಮೇಲೆ ಉಲ್ಟಾ ಲೆಕ್ಕ ಹಾಕಿ ಮೇಲಿನ ಕೋಷ್ಟಕ ತುಂಬುವುದು. ಗುಂಡು ಪಾಪ ತನ್ನ ಪಾಡಿಗೆ ತೂಗುತ್ತಿರುತ್ತದೆ, ಅದರ ಕಡೆ ಯಾರೂ ನೋಡುವುದಿಲ್ಲ. ಪರೀಕ್ಷೆಯ ದಿನ ನಮ್ಮ ಅಟೆಂಡರ್ ಮುನಿಶಾಮಿ ಬಾಗಿಲಲ್ಲಿ ನಿಂತು ಮಕ್ಕಳ ಕಿವಿಯಲ್ಲಿ ಉತ್ತರ ಹೇಳಿ ಒಳಗೆ ಬಿಡುತ್ತಿದ್ದ. ಹೇಳು ಎಂದಿದ್ದವನು ನಾನೇ. ಫಲಿತಾಂಶ ನೂರಕ್ಕೆ ನೂರು ಬರಬೇಕಲ್ಲ, ಅಧ್ಯಕ್ಷರೇ? ನಿಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು ಎಷ್ಟು ಸಲ ಹೇಳಿದ್ದೀರಿ!

ನಾನೂ ಹೀಗೆಯೇ ಪಾಸಾದವನು. ಶ್ರೀನಿವಾಸಪುರದಲ್ಲಿ ಓದುವಾಗ ಒಂಬೈನೂರ ಎಂಬತ್ತು ಬಿಂದು ಸೊನ್ನೆ ಬರೆದು ಮೂವತ್ತಕ್ಕೆ ಮೂವತ್ತು ತೆಗೆದುಕೊಂಡೆ. ನಮ್ಮ ಮೇಷ್ಟ್ರು ಬೆನ್ನು ತಟ್ಟಿದರು. ಆ ಬೆನ್ನು ತಟ್ಟಿಸಿಕೊಂಡ ಖುಷಿಯಲ್ಲೇ ನಾನು ಭೌತಶಾಸ್ತ್ರ ತೆಗೆದುಕೊಂಡದ್ದು.

ಮೇಘನಳಿಗೆ ಪರೀಕ್ಷೆಯಲ್ಲಿ ಲೋಲಕವೇ ಬಂತು. ಅವಳು ನಿಜವಾಗಿಯೂ ಗುಂಡನ್ನು ತೂಗಿಬಿಟ್ಟಳು, ನಿಜವಾಗಿಯೂ ಎಣಿಸಿದಳು. ಉತ್ತರ ಬಂದದ್ದು ಸಾವಿರದ ಮೂರು. ಹೋಗಿ ನೋಡಿದೆ. ಮೆಲ್ಲಗೆ, "ಒಂಬೈನೂರ ಎಂಬತ್ತು ಮಾಡಮ್ಮ" ಅಂದೆ. "ನಂಗೆ ಬಂದಿದ್ದು ಸಾವಿರದ ಮೂರು ಸರ್" ಅಂದಳು. "ಏನಮ್ಮಾ, ನಿಮ್ಮೂರಿಂದ ಎಕ್ಸ್‌ಟ್ರಾ ಗುರುತ್ವ ತಂದಿದೀಯಾ?" ಅಂದೆ. ಮತ್ತೆ ಎಲ್ಲರೂ ನಕ್ಕರು. ಮೂರು ಸಲ ಹೇಳಿದೆ, ಮೂರು ಸಲವೂ ಅವಳು ಅದೇ ಉತ್ತರ ಕೊಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಹೊರಗಿನ ಪರೀಕ್ಷಕರು, "ನಿಮ್ಮ ಹುಡುಗಿ, ನೀವು ಹೇಳಿದಂಗೆ" ಅಂದರು. ಮೂವತ್ತಕ್ಕೆ ಹದಿನೇಳು ಹಾಕಿಸಿದೆ. ಅವಳು ತಪ್ಪು ಮಾಡಿದ್ದಕ್ಕಲ್ಲ, ಎದುರು ನಿಂತಿದ್ದಕ್ಕೆ.

ಮಾರನೆಯ ದಿನ ಚಿಕ್ಕವೆಂಕಟಮ್ಮನವರು ಲ್ಯಾಬಿನ ಬಾಗಿಲಿಗೆ ಬಂದಿದ್ದರು. ಕೈಗೆ ಇನ್ನೂ ಸೊಪ್ಪಿನ ಹಸಿರು ಅಂಟಿತ್ತು. "ಮಾ ಪಿಲ್ಲ ಅಬದ್ಧಂ ರಾಸೇದಿ ಕಾದು ಸಾರ್" ಅಂದರು. ನಮ್ಮ ಹುಡುಗಿ ಸುಳ್ಳು ಬರೆಯುವವಳಲ್ಲ ಅಂತ. ನಾನು ಏನಂದೆ? "ಮುಗಿದೋಯ್ತಮ್ಮ, ಹೋಗಿ" ಅಂದೆ. ತಲೆಯೆತ್ತಿ ಅವರ ಮುಖವನ್ನೂ ನೋಡಲಿಲ್ಲ.

ನಮ್ಮ ಟ್ರಸ್ಟು ಪ್ರತಿ ವರ್ಷ ವಿಜ್ಞಾನದಲ್ಲಿ ಮೊದಲು ಬಂದ ಒಬ್ಬರನ್ನು ಡಿಗ್ರಿ ಮುಗಿಯುವವರೆಗೆ ಓದಿಸುತ್ತದೆ. ಥಿಯರಿಯಲ್ಲಿ ಮೇಘನಳೇ ಮೊದಲು. ಆ ಹದಿನೇಳು ಅವಳನ್ನು ಎರಡನೆಯ ಸ್ಥಾನಕ್ಕೆ ತಂದಿತು. ಅವಕಾಶ ಬೇರೆಯವರಿಗೆ ಹೋಯಿತು. ಅವಳು ನರಸಾಪುರಕ್ಕೆ ಹೋದಳು. ಕಂಪನಿ ಬಸ್ಸು ಹತ್ತಿ, ಒಂದು ವರ್ಷ ಪೂರ್ತಿ ಶಿಫ್ಟಿನಲ್ಲಿ ನಿಂತು ಸ್ಕ್ರೂ ತಿರುಗಿಸಿದಳು. ಮುಖ್ಯ ಅತಿಥಿಗಳು, ನಮ್ಮ ಕಾರ್ಖಾನೆಗೂ ಮೇಘನಳಂಥವರು ಬೇಕು ಅಂದರಲ್ಲ, ಸಾರ್, ಮೇಘನಳೇ ಬಂದಿದ್ದಳು ನಿಮ್ಮ ಕಡೆಗೆ. ಆಮೇಲೆ ತಾನೇ ಕೂಡಿಟ್ಟುಕೊಂಡು ಕೋಲಾರದಲ್ಲಿ ಬಿಎಸ್ಸಿ ಸೇರಿದಳು.

ಮುರಳಿಮೋಹನ್ ಅವರು ನಿರೂಪಣೆಯಲ್ಲಿ, ಗುರುವಿನ ಕೋಪವೇ ಶಿಷ್ಯಳಿಗೆ ವರವಾಯಿತು ಎಂದರು. ಥೂ! ಕ್ಷಮಿಸಿ, ಬಾಯಿ ತಪ್ಪಿತು. ಇಲ್ಲ, ತಪ್ಪಲಿಲ್ಲ, ಬೇಕೆಂದೇ ಅಂದೆ. ಮೇಘನಳನ್ನು ನಾನೇ ಕೇಳಿದೆ, ಅವಮಾನದಿಂದ ನಿನಗೆ ಹಟ ಬಂತೇನಮ್ಮ ಅಂತ. ಅವಳು ಹೇಳಿದ ಮಾತು ಇದು: "ಇಲ್ಲ ಸರ್. ನೀವು ನಕ್ಕಿದ್ದಕ್ಕೆ ನಾನು ಫಿಸಿಕ್ಸ್ ಓದ್ಲಿಲ್ಲ. ನಕ್ಕಿದ್ದಕ್ಕೆ ಒಂದು ವರ್ಷ ಬಿಟ್ಟಿದ್ದೆ, ಅಷ್ಟೇ." ಇದನ್ನು ಬರೆಸಿ ಗೇಟಿಗೆ ಕಟ್ಟಿ, ಫ್ಲೆಕ್ಸು.

ಕಳೆದ ತಿಂಗಳು ನಾನು ಚಾರ್ಜು ಒಪ್ಪಿಸಬೇಕಿತ್ತು. ಲ್ಯಾಬಿನ ಸಾಮಾನನ್ನೆಲ್ಲ ಪಟ್ಟಿಯ ಪ್ರಕಾರ ನೋಡಿ ಮುಂದಿನವರಿಗೆ ಕೊಡುವ ಕೆಲಸ. ಲೋಲಕದ ಮೇಜಿಗೆ ದಾರದಲ್ಲಿ ನೇತುಹಾಕಿದ್ದ ಮರದ ಮೀಟರ್ ಸ್ಕೇಲನ್ನು ಬಿಚ್ಚಿ, ಹೊಸದಾಗಿ ಬಂದಿದ್ದ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟೆ. ಇಗೋ, ಚೀಲದಲ್ಲಿ ತಂದಿದ್ದೇನೆ. ಹಿಂದಿನವರಿಗೂ ಕಾಣಲಿ. ಇದು ಹಳೆಯದು, ಇದು ಹೊಸದು. ಹಳೆಯದು ಎರಡು ಸೆಂಟಿಮೀಟರ್ ಗಿಡ್ಡ.

ಕೂಡಲೇ ನೆನಪಾಯಿತು. ಇಪ್ಪತ್ತೇಳು ವರ್ಷದ ಹಿಂದೆ ಮುನಿಶಾಮಿ ಬಂದು ಹೇಳಿದ್ದ: "ಸಾರ್, ಸ್ಕೇಲ್ ತುದಿಗೆ ಗೆದ್ಲು ಹಿಡ್ದಿತ್ತು. ಎರಡ್ ಸೆಂಟಿಮೀಟ್ರು ಕುಯ್ದು ಬಣ್ಣ ಹೊಡ್ದಿವ್ನಿ, ನೀಟಾಗೈತೆ ನೋಡಿ." ನಾನು ಶಭಾಷ್ ಅಂದಿದ್ದೆ. ಶಭಾಷ್! ಸೊನ್ನೆಯ ತುದಿಯನ್ನೇ ಕುಯ್ದಿದ್ದ. ಅವನನ್ನು ಬಯ್ಯಬೇಡಿ, ಅವನು ಬಂದು ಹೇಳಿದ್ದ, ಭೌತಶಾಸ್ತ್ರ ಓದಿದ್ದವನು ನಾನು. ಅಂದಿನಿಂದ ಈ ಸ್ಕೇಲು ಎಂಬತ್ತು ಸೆಂಟಿಮೀಟರ್ ದಾರವನ್ನು ಎಂಬತ್ತೆರಡು ಎಂದು ತೋರಿಸುತ್ತಿತ್ತು. ಪ್ರಾಮಾಣಿಕವಾಗಿ ಅಳೆದವರಿಗೆ ಸಾವಿರದ ಮೂರೇ ಬರಬೇಕು. ಇಪ್ಪತ್ತೇಳು ವರ್ಷ, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು, ಎಲ್ಲರೂ ಈ ಸ್ಕೇಲನ್ನು ಕೈಯಲ್ಲಿ ಹಿಡಿದು ಒಂಬೈನೂರ ಎಂಬತ್ತು ಬರೆದರು. ಸ್ಕೇಲು ತುಂಡಾಗಿದೆ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಒಬ್ಬರೂ ಅಳೆದಿರಲಿಲ್ಲ.

ತಪ್ಪು ಹೇಳಿದೆ. ಒಬ್ಬಳಿಗೆ ಗೊತ್ತಾಗಿತ್ತು. ಅವತ್ತೇ ಉಗ್ರಾಣದಲ್ಲಿ ಹಳೆಯ ಪ್ರಾಕ್ಟಿಕಲ್ ರೆಕಾರ್ಡುಗಳ ಕಟ್ಟು ಬಿಚ್ಚಿದೆ. ಮೇಘನಳದ್ದು ಸಿಕ್ಕಿತು. ಪರೀಕ್ಷೆಗೆ ಮೂರು ತಿಂಗಳ ಮುಂಚೆ ಕ್ಲಾಸಿನಲ್ಲಿ ಮಾಡಿದ ಅದೇ ಪ್ರಯೋಗ. ಅವಳು ಐದು ಬೇರೆ ಬೇರೆ ಉದ್ದಕ್ಕೆ ಅಳೆದು ಗ್ರಾಫು ಎಳೆದಿದ್ದಾಳೆ. ಆ ಗೆರೆ ಸೊನ್ನೆಯಿಂದ ಹೊರಡಬೇಕು, ಹೊರಟಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ. ಓದುತ್ತೇನೆ, ಕನ್ನಡಕ ಹಾಕಿಕೊಳ್ಳುತ್ತೇನೆ, ಇರಿ. "ಗೆರೆಯು ಸೊನ್ನೆಯನ್ನು ಮುಟ್ಟದೆ ಎರಡು ಸೆಂ.ಮೀ. ಆಚೆ ಮುಟ್ಟುತ್ತದೆ. ಗುರುತ್ವದಲ್ಲಿ ತಪ್ಪಿಲ್ಲ, ಸ್ಕೇಲಿನಲ್ಲಿ ಇರಬಹುದು. ದಯವಿಟ್ಟು ಪರೀಕ್ಷಿಸಿ."

ಇದರ ಮೇಲೆ ಉದ್ದಕ್ಕೆ ಕೆಂಪು ಗೀಟು ಇದೆ. ಪಕ್ಕದಲ್ಲಿ 'ಅಧಿಕಪ್ರಸಂಗ' ಎಂದು ಬರೆದಿದೆ. ಕೆಳಗೆ ನನ್ನ ಸಹಿ ಇದೆ. ಓದಿದ್ದರೆ ಗೀಟು ಹಾಕುತ್ತಿರಲಿಲ್ಲವೇನೋ. ನಾನು ಓದಲೇ ಇಲ್ಲ.

ಇವತ್ತು ನಿಮ್ಮ ಮೇಲೆಲ್ಲ ಯಾಕೆ ಕೂಗಾಡುತ್ತಿದ್ದೇನೆ ಎಂದು ಕೇಳಬಹುದು. ಹುಳು ಮನೆಯ ಸದ್ದಿನ ಹಾಗೆ, ಸ್ವಾಮಿ. ಮುನಿಶಾಮಿ ಮಾಡಿದ್ದು ಸಣ್ಣದು, ಎರಡು ಸೆಂಟಿಮೀಟರ್. ಮಕ್ಕಳು ಮಾಡಿದ್ದು ಸಣ್ಣದು, ಒಂದು ಸಂಖ್ಯೆ. ಪರೀಕ್ಷಕರದ್ದು ಸಣ್ಣದು, ಒಂದು ತಲೆದೂಗು. ಒಬ್ಬೊಬ್ಬರನ್ನೇ ಹಿಡಿದು ನೋಡಿದರೆ ಯಾರೂ ಸುಳ್ಳುಗಾರರಲ್ಲ, ಎಲ್ಲರೂ ಒಳ್ಳೆಯವರು, ಮನೆಗೆ ಹೋದರೆ ಕಾಫಿ ಕೊಡುತ್ತಾರೆ. ಸೇರಿದಾಗ ಮಾತ್ರ ಇಂಥದ್ದೊಂದು ದೊಡ್ಡ ಸುಳ್ಳು ಹೊಮ್ಮಿತು, ಒಂದು ಹುಡುಗಿಯ ಮೇಲೆ ಬಿತ್ತು. ಗೇಟಿನ ಫ್ಲೆಕ್ಸು ಅದರದೇ ಮುಂದುವರಿಕೆ. ಅದನ್ನು ಬರೆಸಿದವರೂ ಒಳ್ಳೆಯವರೇ.

ಹೋದ ವಾರ ನಾನು ದೇವರಾಯಸಮುದ್ರಕ್ಕೆ ಹೋಗಿದ್ದೆ, ಈ ರೆಕಾರ್ಡು ಹಿಡಿದುಕೊಂಡು. ಚಿಕ್ಕವೆಂಕಟಮ್ಮನವರು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು, ಹೊಟ್ಟೆಬಾಕ ವಯಸ್ಸು. ತಪ್ಪಾಯ್ತಮ್ಮ ಎಂದು ಶುರುಮಾಡಿದೆ. "ಸುಮ್ಕೆ ನಿಂತ್ಕೊಳ್ಳಿ ಸಾರ್" ಅಂದರು. ನಿಂತೆ. ಹೊರಗೆ ಸುಡುಬಿಸಿಲು, ಒಳಗೆ ಮಳೆಯ ಸದ್ದು. ಮೇಘನ ಹೇಳಿದ್ದು ನಿಜ. ಆಮೇಲೆ ಅವರು ಕೇಳಿದರು, "ಕೇಳಿಸ್ತಾ ಸಾರ್?" ಕೇಳಿಸ್ತಮ್ಮ ಅಂದೆ. "ಅವತ್ತು ನಾನು ಹೇಳಿದ್ದು ಕೇಳಿಸ್ಲಿಲ್ಲ ನಿಮ್ಗೆ" ಅಂದರು. ನಾನು ಮತ್ತೆ ಕೈ ಮುಗಿದೆ. ಅದಕ್ಕೆ ಅವರು ಹೇಳಿದ್ದು: "ನಂಗ್ ಹೇಳ್ಬೇಡಿ. ನಗೋವಾಗ ಎಲ್ರ ಮುಂದೆ ನಕ್ರಿ. ಹೇಳೋದಾದ್ರೂ ಎಲ್ರ ಮುಂದೆ ಹೇಳಿ. ಕೇಳಿಸ್ಕೊಳಕ್ಕೆ ನಾನು ಬರ್ತೀನಿ."

ಅದಕ್ಕೇ ಅವರು ಬಂದಿರುವುದು, ಅಧ್ಯಕ್ಷರೇ. ನಿಮ್ಮ ಸೀರೆ, ತೆಂಗಿನಕಾಯಿಗಲ್ಲ.

ಹೇಳುತ್ತೇನೆ. ಸಭಿಕರೇ, ಮೇಘನ ಸರಿಯಾಗಿದ್ದಳು. ನಾನು ತಪ್ಪಾಗಿದ್ದೆ. ಅವಳ ಪ್ರಶ್ನೆಗೆ ನಕ್ಕೆ, ಅವಳ ಅಳತೆಗೆ ನಕ್ಕೆ, ಅವಳ ತಾಯಿಯನ್ನು ಬಾಗಿಲಿನಿಂದ ಕಳಿಸಿದೆ. ಆ ಹುಡುಗಿಯ ಒಂದು ವರ್ಷ ನನ್ನಿಂದ ಹೋಯಿತು. ಎಲ್ಲವೂ ಗೊತ್ತಿಲ್ಲದೆ ಆಗಿದ್ದು, ಗೊತ್ತಿದ್ದರೆ ನಾನು ಖಂಡಿತ...

ಅರ್ಪಿತ, ಹಾಗೆ ನೋಡಬೇಡಮ್ಮ.

ನನ್ನ ಮಗಳು ಅರ್ಪಿತ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಮೇಘನಳ ಕ್ಲಾಸಿನವಳೇ. ಟ್ರಸ್ಟಿನ ಅವಕಾಶ ಬೇರೆಯವರಿಗೆ ಹೋಯಿತು ಅಂದೆನಲ್ಲ, ಅದು ನಮ್ಮ ಮನೆಗೇ ಬಂತು. ನಾನು ಅವಳಿಗೆ ಅಂಕ ಹಾಕಲಿಲ್ಲ, ಬೇರೆಯವರಿಂದ ಹಾಕಿಸಿದೆ, ನಿಯಮದ ಪ್ರಕಾರ. ಮೂವತ್ತಕ್ಕೆ ಮೂವತ್ತು. ಪರೀಕ್ಷೆಯ ದಿನ ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದಳು: "ಅಪ್ಪಾ, ನಂಗೂ ಲೋಲಕಾನೇ ಬಂದಿತ್ತು. ನಂಗೂ ಸಾವಿರದ ಚಿಲ್ರೆ ಬಂತು. ನೀನ್ ಹೇಳ್ಕೊಟ್ಟಂಗೆ ಒಂಬೈನೂರ ಎಂಬತ್ತು ಮಾಡ್ದೆ." ಇಬ್ಬರಿಗೂ ಒಂದೇ ಉತ್ತರ ಬಂದರೆ ತಪ್ಪು ಹುಡುಗಿಯದಲ್ಲ ಎಂದು ಗೊತ್ತಾಗಲು ಡಾಕ್ಟರೇಟ್ ಬೇಕೇ? ಅಂಕಪಟ್ಟಿ ಇನ್ನೂ ನನ್ನ ಚೀಲದಲ್ಲೇ ಇತ್ತು, ಕಳಿಸಿರಲಿಲ್ಲ. ಚಿಕ್ಕವೆಂಕಟಮ್ಮನವರು ಬಂದದ್ದು ಮಾರನೆಯ ದಿನ. ಮುಗಿದೋಯ್ತಮ್ಮ ಅಂದೆ. ಮುಗಿದಿರಲಿಲ್ಲ. ಅದಕ್ಕೇ ಅವರ ಮುಖ ನೋಡಲಾಗಲಿಲ್ಲ.

ಇದನ್ನು ಬರೆದುಕೊಂಡು ಬಂದಿರಲಿಲ್ಲ. ಬಂದುಬಿಟ್ಟಿತು. ಏಳಬೇಡ ಕಣೇ ಅರ್ಪಿತ, ನಿನ್ನದೇನೂ ಇಲ್ಲ ಇದರಲ್ಲಿ, ಅಪ್ಪನದು.

ಹೊಸ ಲ್ಯಾಬಿನ ಬಾಗಿಲ ಮೇಲೆ ನನ್ನ ಹೆಸರಿನ ಫಲಕ ಇದೆಯಂತೆ. ಸುಬ್ಬರಾಯಪ್ಪ ಪ್ರಯೋಗಾಲಯ. ಪರದೆ ಹಾಕಿ ಮುಚ್ಚಿದ್ದೀರಿ, ನಾನು ಎಳೆಯಬೇಕಂತೆ. ನಾನು ಎಳೆಯುವುದಿಲ್ಲ. ಫಲಕ ಇಳಿಸಿ. ಆ ಮೊಳೆಗೆ ಈ ಗಿಡ್ಡ ಸ್ಕೇಲನ್ನು ನೇತುಹಾಕಿ. ಮಕ್ಕಳು ಯಾಕೆ ಎಂದು ಕೇಳಿದರೆ ಹೇಳಿ, ಕೇಳಿದ್ದಕ್ಕೆ ನಗಬೇಡಿ.

ಮೇಘನಳ ರೆಕಾರ್ಡಿನಲ್ಲಿ ನನ್ನ ಕೆಂಪು ಗೀಟು ಅಳಿಸುವುದಿಲ್ಲ, ಇರಲಿ. ಅದರ ಪಕ್ಕದಲ್ಲಿ ಈಗ, ನಿಮ್ಮೆಲ್ಲರ ಎದುರಿಗೆ, ಬರೆಯುತ್ತಿದ್ದೇನೆ. 'ಪರೀಕ್ಷಿಸಿದೆ. ಹುಡುಗಿ ಬರೆದದ್ದು ಸರಿ.' ಇವತ್ತಿನ ತಾರೀಖು, ಸಹಿ. ಇದನ್ನು ಅವಳ ತಾಯಿಯ ಕೈಗೆ ಕೊಡುತ್ತೇನೆ, ನಾನೇ ಕೆಳಗಿಳಿದು ಬಂದು.

ಕರೆದ ಆಡಳಿತ ಮಂಡಳಿಗೆ, ಗಡಿಯಾರ ನೋಡದೆ ಕೂತ ಅಧ್ಯಕ್ಷರಿಗೆ, ನಡುವೆ ಮೈಕು ಆಫ್ ಮಾಡದ ಹುಡುಗರಿಗೆ ನನ್ನ ವಂದನೆ. ಈ ಸಲ ನಗದೆ ಕೇಳಿದ ನಿಮಗೆಲ್ಲ ಹೆಚ್ಚಿನ ವಂದನೆ.

ಚಿಕ್ಕವೆಂಕಟಮ್ಮನವರೇ, ಎಲ್ಲರ ಮುಂದೆ ಹೇಳಿದ್ದೇನೆ. ಕೇಳಿಸ್ತಾ ಅಮ್ಮಾ?

ನಮಸ್ಕಾರ.